ಸದಸ್ಯರ ಒಡೆತನದ ವಿದ್ಯುತ್ ಸಹಕಾರಿ ಸಂಘ: ಗ್ರಾಹಕರ ಮಾಹಿತಿಗಾಗಿ

ಪೀಠಿಕೆ

ಹಾವೇರಿ ಜಿಲ್ಲೆಯ ಹಲಗೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ಭಾಗದ ಮನೆಗಳಿಗೆ, ಹೊಲದ ಪಂಪ್‌ಸೆಟ್‌ಗಳಿಗೆ ಮತ್ತು ಮೆಣಸಿನಕಾಯಿ ದಾಸ್ತಾನಿನ ಶೀತಲಗೃಹಗಳಿಗೆ ವಿದ್ಯುತ್ ವಿತರಿಸುತ್ತಿರುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ (ಹೆಸ್ಕಾಂ). 2002ರಲ್ಲಿ ಸ್ಥಾಪನೆಯಾದ ಈ ಕಂಪನಿಯು ರಾಜ್ಯ ಸರ್ಕಾರದ ಒಡೆತನದಲ್ಲಿದ್ದು, ಏಳು ಜಿಲ್ಲೆಗಳಲ್ಲಿ ಕಾರ್ಯನಿರ್ವಹಿಸುತ್ತದೆ. ಈ ಏಳರಲ್ಲಿ ಒಂದಾದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ ವಿದ್ಯುತ್ ವಿತರಣೆಯ ಹೊಣೆಯನ್ನು ಗ್ರಾಹಕರೇ ಕೂಡಿ ಕಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ನಿರ್ವಹಿಸುತ್ತಿದೆ. ರಾಜ್ಯದಲ್ಲಿ ಈ ಬಗೆಯ ಸಂಘ ಇದೊಂದೇ. ಇಂತಹ ಸಂಘದ ಕಾರ್ಯವಿಧಾನ, ಸದಸ್ಯರ ಅಧಿಕಾರ ಮತ್ತು ಅದರ ಮಿತಿ ಹಾಗೂ ಗ್ರಾಹಕರ ಹಕ್ಕುಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸಹಕಾರ ತತ್ವವು ಈ ನಾಡಿಗೆ ಹೊಸದಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪನೆಯಾಗಿತ್ತು. ಸಾಲಕ್ಕೆ ಅನ್ವಯಿಸಿದ ಈ ತತ್ವವನ್ನು ವಿದ್ಯುತ್ತಿಗೆ ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದ್ದು ಅಮೆರಿಕ ಸಂಯುಕ್ತ ಸಂಸ್ಥಾನ. ಮನೆಗಳು ದೂರ ದೂರವಿರುವ ಹಳ್ಳಿಗಳಿಗೆ ತಂತಿ ಎಳೆಯುವುದು ಲಾಭದಾಯಕವಲ್ಲವೆಂದು ಖಾಸಗಿ ಕಂಪನಿಗಳು ಹಿಂಜರಿದಾಗ, 1935ರಲ್ಲಿ ಅಲ್ಲಿನ ಸರ್ಕಾರವು ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ರಚಿಸಿತು. ಅದು ನೀಡಿದ ಸಾಲದ ನೆರವಿನಿಂದ ರೈತರು ತಮ್ಮದೇ ವಿದ್ಯುತ್ ಸಹಕಾರಿ ಸಂಘಗಳನ್ನು ಕಟ್ಟಿಕೊಂಡರು.

ಭಾರತದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು 1969ರಲ್ಲಿ ಸ್ಥಾಪನೆಯಾಯಿತು. ಆ ಕಾಲದಲ್ಲಿ ಪ್ರಾಯೋಗಿಕವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಿಗೆ ಚಾಲನೆ ನೀಡಲಾಯಿತು. ಕರ್ನಾಟಕದ ಹುಕ್ಕೇರಿ, ಅಂದಿನ ಆಂಧ್ರ ಪ್ರದೇಶದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್ ಮತ್ತು ಉತ್ತರ ಪ್ರದೇಶದ ಲಕ್ನೋ ಸಂಘಗಳೇ ಆ ಐದು. ಹುಕ್ಕೇರಿ ಸಂಘವು 1969ರಲ್ಲಿ ನೋಂದಣಿಯಾಯಿತು.

ಸಂಘದ ಕಾರ್ಯವಿಧಾನ

1. ಒಡೆತನ: ಷೇರು ಖರೀದಿಸಿ ಸದಸ್ಯರಾದವರು ಸಂಘದ ಒಡೆಯರು. ಷೇರುಗಳ ಸಂಖ್ಯೆ ಎಷ್ಟೇ ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಎಕರೆ ನೀರಾವರಿ ಉಳ್ಳವನಿಗೂ ಒಂದು ಬಲ್ಬಿನ ಮನೆಯವನಿಗೂ ಮತದ ತೂಕ ಒಂದೇ ಆಗಿರುತ್ತದೆ.

2. ಆಡಳಿತ: ಸದಸ್ಯರು ಚುನಾವಣೆಯ ಮೂಲಕ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲೆಕ್ಕಪತ್ರ ಹಾಗೂ ಲೆಕ್ಕಪರಿಶೋಧನಾ ವರದಿಯನ್ನು ಮಂಡಿಸಬೇಕಾಗುತ್ತದೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959 ಇದಕ್ಕೆ ಆಧಾರ.

3. ವಿದ್ಯುತ್ ಖರೀದಿ: ಸಂಘವು ರಾಜ್ಯದ ವಿದ್ಯುತ್ ಜಾಲದಿಂದ ಸಗಟಾಗಿ ವಿದ್ಯುತ್ ಪಡೆದು, ತನ್ನ ಕಂಬ, ತಂತಿ ಮತ್ತು ಪರಿವರ್ತಕಗಳ ಮೂಲಕ ಗ್ರಾಹಕರಿಗೆ ತಲುಪಿಸುತ್ತದೆ. ಮೀಟರ್ ಓದುವುದು, ಬಿಲ್ಲು ನೀಡುವುದು, ದುರಸ್ತಿ ಮಾಡುವುದು ಸಂಘದ ಹೊಣೆ.

4. ದರ: ವಿದ್ಯುತ್ ದರವನ್ನು ಸಂಘದ ಸಭೆಯು ನಿರ್ಧರಿಸುವುದಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೆಸ್ಕಾಂಗೆ ನಿಗದಿಪಡಿಸುವಂತೆಯೇ ಸಂಘಕ್ಕೂ ದರ ನಿಗದಿಪಡಿಸುತ್ತದೆ. ದರ ಪರಿಷ್ಕರಣೆಯ ಅರ್ಜಿಯನ್ನು ಪ್ರಕಟಿಸಿದಾಗ ಯಾವುದೇ ಗ್ರಾಹಕನು ಆಯೋಗಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು.

5. ಸರ್ಕಾರದ ಯೋಜನೆಗಳು: 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಹುಕ್ಕೇರಿ ಸಂಘದ ಗೃಹಬಳಕೆದಾರರಿಗೂ ಅನ್ವಯಿಸುತ್ತದೆ. ಸಂಘದ ಗ್ರಾಹಕರಾದ ಮಾತ್ರಕ್ಕೆ ಈ ಸೌಲಭ್ಯ ತಪ್ಪುವುದಿಲ್ಲ.

ಸಮುದಾಯಕ್ಕೆ ಆಗುವ ಪ್ರಯೋಜನ

ಸಹಕಾರಿ ವ್ಯವಸ್ಥೆಯ ಮುಖ್ಯ ಪ್ರಯೋಜನವು ಅಗ್ಗದ ವಿದ್ಯುತ್ ಎಂಬುದು ತಪ್ಪು ತಿಳಿವಳಿಕೆ. ನಿರ್ಧಾರ ಕೈಗೊಳ್ಳುವವರು ಊರಿಗೆ ಹತ್ತಿರವಿರುವುದೇ ಇದರ ನಿಜವಾದ ಪ್ರಯೋಜನ. ಪರಿವರ್ತಕ ಸುಟ್ಟು ಬೆಳೆ ಒಣಗುವ ಸ್ಥಿತಿ ಬಂದರೆ, ಆಡಳಿತ ಮಂಡಳಿಯವರನ್ನು ಸದಸ್ಯರು ತಾಲ್ಲೂಕಿನಲ್ಲಿಯೇ ಕಂಡು ಕೇಳಬಹುದು. ಉತ್ತರ ಸಮಾಧಾನಕರವಲ್ಲದಿದ್ದರೆ ಸಾಮಾನ್ಯ ಸಭೆಯಲ್ಲಿ ಪ್ರಶ್ನಿಸಬಹುದು. ಮುಂದಿನ ಚುನಾವಣೆಯಲ್ಲಿ ಬದಲಾಯಿಸಬಹುದು.

ಆದರೆ ಒಡೆತನದ ಜೊತೆಗೆ ಹೊಣೆಯೂ ಬರುತ್ತದೆ. ಸಗಟು ವಿದ್ಯುತ್ತಿನ ಹಣವನ್ನು ಸಂಘವು ಕಾಲಕಾಲಕ್ಕೆ ಪಾವತಿಸಲೇಬೇಕು. ಬಿಲ್ಲು ವಸೂಲಾಗದಿದ್ದರೆ, ವಿದ್ಯುತ್ ಕಳವು ಹೆಚ್ಚಿದರೆ ಅಥವಾ ಸಹಾಯಧನ ತಡವಾದರೆ ಬಾಕಿ ಬೆಳೆಯುತ್ತದೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ವಿದ್ಯುತ್ ಖರೀದಿ ಬಾಕಿಯು ಭಾರಿ ಪ್ರಮಾಣಕ್ಕೇರಿತ್ತು. 2011ರಲ್ಲಿ ಅದರ ಪರವಾನಗಿಯ ಅವಧಿ ಮುಗಿದ ಬಳಿಕ ಅಲ್ಲಿನ ವಿತರಣೆಯು ಆ ರಾಜ್ಯದ ವಿತರಣಾ ಕಂಪನಿಯ ಪಾಲಾಯಿತು. ಇಂದಿನ ತೆಲಂಗಾಣದ ಸಿರಿಸಿಲ್ಲಾ ಸಂಘವು ಹುಕ್ಕೇರಿಯಂತೆ ಉಳಿದುಕೊಂಡಿದೆ. ಸಕಾಲಕ್ಕೆ ಬಿಲ್ಲು ಪಾವತಿಸುವ ಮತ್ತು ಸಭೆಯಲ್ಲಿ ಲೆಕ್ಕ ಕೇಳುವ ಸದಸ್ಯರೇ ಇಂತಹ ಸಂಘದ ಬಲ.

ಹೊಸ ಸಂಪರ್ಕ ಪಡೆಯುವ ಬಗೆ

ವಿದ್ಯುಚ್ಛಕ್ತಿ ಕಾಯ್ದೆ, 2003ರ 43ನೇ ಪ್ರಕರಣದನ್ವಯ, ಕಟ್ಟಡ ಅಥವಾ ಜಮೀನಿನ ಮಾಲೀಕರು ಇಲ್ಲವೇ ಅನುಭೋಗದಾರರು ಅರ್ಜಿ ಸಲ್ಲಿಸಿದಲ್ಲಿ ವಿದ್ಯುತ್ ಪೂರೈಸುವುದು ವಿತರಣಾ ಸಂಸ್ಥೆಯ ಕರ್ತವ್ಯ. ಸಂಸ್ಥೆಯು ಕಂಪನಿಯಾಗಿರಲಿ, ಸಹಕಾರಿ ಸಂಘವಾಗಿರಲಿ ಈ ನಿಯಮ ಒಂದೇ. ಅರ್ಜಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

- ಹಾವೇರಿ ಜಿಲ್ಲೆಯವರು ಹೆಸ್ಕಾಂನ ಸಂಬಂಧಪಟ್ಟ ಉಪವಿಭಾಗ ಕಚೇರಿಗೆ, ಹುಕ್ಕೇರಿ ಸಂಘದ ವ್ಯಾಪ್ತಿಯವರು ಸಂಘದ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಹೆಸ್ಕಾಂ ಗ್ರಾಹಕರು ಷೇರು ಖರೀದಿಸುವ ಪ್ರಶ್ನೆಯೇ ಇರುವುದಿಲ್ಲ.
- ಗುರುತಿನ ಚೀಟಿ ಹಾಗೂ ಸ್ವತ್ತಿನ ದಾಖಲೆ ಅಗತ್ಯ. ಪಂಪ್‌ಸೆಟ್ಟಿಗಾದರೆ ಜಮೀನಿನ ಪಹಣಿ ಲಗತ್ತಿಸಬೇಕು.
- ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.
- ಠೇವಣಿ ಮತ್ತು ಶುಲ್ಕಗಳಿಗೆ ತಪ್ಪದೆ ರಸೀದಿ ಪಡೆದು, ಆರ್.ಆರ್. ಸಂಖ್ಯೆಯೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕುಂದುಕೊರತೆ ನಿವಾರಣೆ

ಬಿಲ್ಲು ಬಾಕಿ ಇದ್ದರೂ ಸಹ, 56ನೇ ಪ್ರಕರಣದಂತೆ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ನೀಡದೆ ಸಂಪರ್ಕ ಕಡಿತಗೊಳಿಸುವಂತಿಲ್ಲ. ದೂರುಗಳನ್ನು ಮೊದಲು ಸ್ಥಳೀಯ ಕಚೇರಿಗೆ ಬರಹದಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಹೆಸ್ಕಾಂ ಗ್ರಾಹಕರು 1912 ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಯೂ ಸಮಾಧಾನವಾಗದಿದ್ದಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೂ ಮೊರೆ ಹೋಗಲು 42ನೇ ಪ್ರಕರಣವು ಅವಕಾಶ ಕಲ್ಪಿಸಿದೆ.

ಸಹಕಾರಿ ಸಂಘದ ಸದಸ್ಯರಿಗೆ ಈ ಹಕ್ಕುಗಳ ಜೊತೆಗೆ ಮತದ ಹಕ್ಕೂ ಇದೆ. ಎರಡನ್ನೂ ತಿಳಿದು ಸದುಪಯೋಗಪಡಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.