ರಾತ್ರಿಶಾಲೆಯ ಲೆಕ್ಕದ ಪಾಠ

ಮೊನ್ನೆ ಮುಂಬಯಿಯ ರಾತ್ರಿಶಾಲೆಯೊಂದರಲ್ಲಿ ಒಂದು ತಾಸು ಕುಳಿತಿದ್ದೆವು. ಗಣಿತದ ಹೊಸ ಉಪಾಧ್ಯಾಯಿನಿಯವರು ತರಗತಿಗೆ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು.

“ಐದನೆಯ ತರಗತಿಗೆ ಭಿನ್ನರಾಶಿ, ಆರಕ್ಕೆ ಅನುಪಾತ, ಏಳನೆಯವರಾದ ನಿಮಗೆ ಶೇಕಡಾ ಮತ್ತು ಬಡ್ಡಿ ಕಲಿಸುವವಳು ನಾನು. ಬಾಲ್ಯದಲ್ಲಿ ಲೆಕ್ಕಕ್ಕೆ ಅಂಜಿ ಅತ್ತವಳು. ನಿಮ್ಮ ಅಂಜಿಕೆಯನ್ನು ಬಲ್ಲೆ.”

ಬಳಿಕ, ದಿನವಿಡೀ ಗಿರಾಕಿಗಳ ಬಿಲ್ಲನ್ನು ಬಾಯಲ್ಲೇ ಕೂಡಿಸುವ ತರುಣನೊಬ್ಬನನ್ನು ಕೇಳಿದರು: “ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 50,000 ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿಯೆಷ್ಟು?” ಅವನು ತಡವರಿಸಿದನು. ತಿಂಗಳಿಗೆ 1,500, ವರ್ಷಕ್ಕೆ 18,000 ಎಂದು ಹಲಗೆಯ ಮೇಲೆ ಮೂಡಿದಾಗ ಅವನ ಮುಖ ಕಂದಿತು. ತಂಗಿಯ ಮದುವೆಗೆ ಅದೇ ದರದಲ್ಲಿ ಸಾಲ ತಂದಿದ್ದನಂತೆ.

ವ್ಯವಹಾರದ ಲೆಕ್ಕ ನಮ್ಮ ನುಡಿಗೆ ಹೊಸತಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ್ದನು. ಆದರೂ ಬಡ್ಡಿಯನ್ನು ವಿಚಾರಿಸದೆ ಸಾಲಪತ್ರಕ್ಕೆ ರುಜು ಹಾಕಿದ ಎಷ್ಟೋ ಕೆಲಸಗಾರರನ್ನು ನಾವು ಹೋಟೆಲಿನ ಗಲ್ಲದ ಮೇಲೆ ಕುಳಿತಿದ್ದಾಗ ಕಂಡಿದ್ದೇವೆ. ಒಬ್ಬನನ್ನೂ ತಡೆದು ಲೆಕ್ಕ ಹೇಳಲಿಲ್ಲ. ಆ ತಪ್ಪು ನಮ್ಮದು.

ತರಗತಿ ಮುಗಿದರೂ ಆ ತರುಣನು ಹಲಗೆಯ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದನು. ಮಾಲಕ ಮಹಾಶಯರು ಸಂಜೆ ಎರಡು ತಾಸಿನ ಬಿಡುವು ಕೊಡಲಿ. ಸೋದರರು ಅದನ್ನು ಶಾಲೆಗೇ ಸಲ್ಲಿಸಲಿ.