ಕಪ್ಪು ಕಲ್ಲು, ಬಿಳಿ ಉಗಿ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಒಂದು ಊರಿದೆ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಓದಿದರೆ ‘ಕೀಗ್ಲಿ’; ಊರಿನವರ ಬಾಯಲ್ಲಿ ‘ಕೀತ್ಲಿ’. ಅಲ್ಲಿನ ನಿಲ್ದಾಣದಲ್ಲಿ ಒಂದು ಕಡೆ ಲೀಡ್ಸ್‌ನಿಂದ ವಿದ್ಯುತ್ ರೈಲು ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಅದೇ ನಿಲ್ದಾಣದ ಇನ್ನೊಂದು ಪ್ಲಾಟ್‌ಫಾರಂಗೆ ನಡೆದರೆ ಕಲ್ಲಿದ್ದಲ ವಾಸನೆ, ಉಗಿಯ ಬುಸುಗುಟ್ಟುವಿಕೆ! ಅದು ಕೀತ್ಲಿ ಮತ್ತು ವರ್ತ್ ಕಣಿವೆಯ ಪಾರಂಪರಿಕ ರೈಲು. ಉದ್ದ ಐದು ಮೈಲಿಗೂ ಕಡಿಮೆ, ನಿಲ್ದಾಣಗಳು ಆರೇ ಆರು. ಲೀಡ್ಸ್, ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯಗಳಿಗೆ ಓದಲು ಹೋದ ನಮ್ಮ ವಿದ್ಯಾರ್ಥಿಗಳಿಗೆ ಇದು ಅರ್ಧ ಗಂಟೆಯ ದಾರಿ. ಕೈಯಲ್ಲೊಂದು ಕ್ಯಾಮೆರಾ ಇದ್ದರೆ, ಮೊಬೈಲ್‌ನದ್ದಾದರೂ ಸರಿ, ಒಂದು ದಿನ ಸಾಲದು.

ಈ ಮಾರ್ಗ ಹುಟ್ಟಿದ ಕಥೆ ಸ್ವಾರಸ್ಯಕರ. 1861ರಲ್ಲಿ ಜಾನ್ ಮೆಕ್‌ಲ್ಯಾಂಡ್ಸ್‌ಬರೊ ಎಂಬ ಎಂಜಿನಿಯರ್, ಕಾದಂಬರಿಕಾರ್ತಿ ಶಾರ್ಲಟ್ ಬ್ರಾಂಟೆಯ ನೆನಪಿಗೆ ಗೌರವ ಸಲ್ಲಿಸಲು ಹಾವರ್ತ್ ಎಂಬ ಗುಡ್ಡದೂರಿಗೆ ಹೋದ. ಅಷ್ಟು ಹೆಸರಾದ ಊರಿಗೆ ರೈಲೇ ಇಲ್ಲದ್ದು ಕಂಡು ಅಚ್ಚರಿಪಟ್ಟ. ಅವನ ಪ್ರಯತ್ನ, ಗಿರಣಿ ಮಾಲೀಕರ ಹಣ ಸೇರಿ 1867ರಲ್ಲಿ ರೈಲು ಓಡಿತು. ಸುಮಾರು ತೊಂಬತ್ತೈದು ವರ್ಷಗಳ ನಂತರ, 1961ರ ಕೊನೆಗೆ, ಪ್ರಯಾಣಿಕರ ಸೇವೆ ನಿಂತಿತು. ಊರಿನವರು ಸುಮ್ಮನಿರಲಿಲ್ಲ. ಸಂಘ ಕಟ್ಟಿದರು, ಮಾರ್ಗವನ್ನು ಬ್ರಿಟಿಷ್ ರೈಲಿನಿಂದ ಪಡೆದರು, 1968ರ ಜೂನ್‌ನಲ್ಲಿ ಮತ್ತೆ ಓಡಿಸಿದರು. ಅದೇ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ಕಾಲ ಮುಗಿಯಿತು. ಇಂದಿಗೂ ಟಿಕೆಟ್ ಕೊಡುವವರಿಂದ ಎಂಜಿನ್ ನಡೆಸುವವರವರೆಗೆ ಹೆಚ್ಚಿನವರು ಸ್ವಯಂಸೇವಕರೇ.

ಎಂಜಿನ್ನಿನ ಚಿತ್ರ ತೆಗೆಯಬೇಕೆನ್ನುವವರು ಸ್ವಲ್ಪ ವಿಜ್ಞಾನ ತಿಳಿದಿದ್ದರೆ ಒಳ್ಳೆಯದು. ನಿಜವಾದ ಉಗಿ ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಬಂದ ಉಗಿ ತಣ್ಣಗಾಗಿ ಸಣ್ಣ ಹನಿಗಳಾದಾಗ ನಮಗೆ ಬಿಳಿ ಮೋಡ ಕಾಣುತ್ತದೆ. ಆದ್ದರಿಂದ ಬೇಸಿಗೆಯ ಮಧ್ಯಾಹ್ನಕ್ಕಿಂತ ಚಳಿಗಾಲದ ಬೆಳಗೇ ಲೇಸು. ಕೀತ್ಲಿಯಿಂದ ಕೊನೆಯ ನಿಲ್ದಾಣ ಆಕ್ಸನ್‌ಹೋಪ್‌ವರೆಗೆ ಏರುದಾರಿ. ಏರುವಾಗ ಎಂಜಿನ್ ಏದುಸಿರು ಬಿಡುತ್ತದೆ, ಇಳಿಯುವಾಗ ಹಾಯಾಗಿ ಜಾರುತ್ತದೆ. ಏರುವ ರೈಲಿಗೆ ಕಾಯುವುದೇ ಜಾಣತನ. ಇನ್ನೊಂದು ತೊಡಕು: ಚೌಕಟ್ಟಿನ ತುಂಬ ಕರಿಯ ಎಂಜಿನ್ ಇದ್ದರೆ ಕ್ಯಾಮೆರಾ ಅದನ್ನು ಕತ್ತಲೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಉಗಿ ಸುಣ್ಣ ಬಳಿದಂತಾಗುತ್ತದೆ. ಬೆಳಕನ್ನು ಉಗಿಗೆ ಹೊಂದಿಸಿ, ಕಪ್ಪು ಕಪ್ಪಾಗಿಯೇ ಇರಲಿ. ಹಳಿಯ ಮೇಲೆ ಮಾತ್ರ ಕಾಲಿಡಕೂಡದು. ಅಲ್ಲಿ ಅದು ಅಪರಾಧ, ಎಲ್ಲಿಯೂ ಅಪಾಯ.

ಆದರೆ ಎಲ್ಲರೂ ಎಂಜಿನ್ನನ್ನೇ ತೆಗೆಯುತ್ತಾರೆ. ನನ್ನನ್ನು ಕೇಳಿದರೆ ಚಿತ್ರವಿರುವುದು ಅದರ ಸುತ್ತಮುತ್ತ. ಡೇಮಮ್ಸ್ ನಿಲ್ದಾಣದ ಪ್ಲಾಟ್‌ಫಾರಂ ಒಂದೇ ಬೋಗಿಯಷ್ಟು ಉದ್ದ. ಓಕ್‌ವರ್ತ್ ನಿಲ್ದಾಣದಲ್ಲಿ ಇಂದಿಗೂ ಗ್ಯಾಸ್ ದೀಪಗಳಿವೆ. 1970ರ ‘ದಿ ರೈಲ್ವೆ ಚಿಲ್ಡ್ರನ್’ ಚಿತ್ರ ತಯಾರಾದದ್ದು ಇಲ್ಲೇ. ಕೆಂಪು ಅಂಚೆಪೆಟ್ಟಿಗೆಯ ಮೇಲೆ ಅದನ್ನು ನೆಟ್ಟ ಕಾಲದ ರಾಜ ಅಥವಾ ರಾಣಿಯ ಮೊದಲಕ್ಷರ ಇರುತ್ತದೆ. ಮನೆ, ಗಿರಣಿ, ಗೋಡೆ ಎಲ್ಲದರ ಮರಳುಗಲ್ಲೂ ಕಲ್ಲಿದ್ದಲ ಮಸಿ ಹಿಡಿದು ಕಪ್ಪಾಗಿದೆ. ಕೀತ್ಲಿ ಪೇಟೆಯಲ್ಲಿ 1904ರ ಗ್ರಂಥಾಲಯವಿದೆ. ಆಂಡ್ರೂ ಕಾರ್ನೆಗಿಯ ದಾನದಿಂದ ಇಂಗ್ಲೆಂಡಿನಲ್ಲಿ ತೆರೆದ ಮೊದಲನೆಯದು ಇದೇ. ಉಣ್ಣೆ ಗಿರಣಿಗಳ ಕೆಲಸಕ್ಕೆಂದು 1950-60ರ ದಶಕಗಳಲ್ಲಿ ಪಾಕಿಸ್ತಾನದ ಕಡೆಯಿಂದ ಬಂದ ಕುಟುಂಬಗಳು ಇಲ್ಲಿ ನೆಲೆನಿಂತಿವೆ. ಗಿರಣಿ ಚಿಮಣಿ, ಮಸೀದಿ ಗುಮ್ಮಟ ಎರಡೂ ಸೇರಿಯೇ ಈ ಊರು.

ಹಾವರ್ತ್‌ನಲ್ಲಿ ಪ್ರವಾಸಿಗರು ಬ್ರಾಂಟೆ ಸೋದರಿಯರ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಸ್ಮಶಾನದತ್ತ ಕ್ಯಾಮೆರಾ ತಿರುಗಿಸಿ ನೋಡಿ. ಸಮಾಧಿ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿವೆ. 1850ರಲ್ಲಿ ಇಲ್ಲಿನ ನೈರ್ಮಲ್ಯ ಪರೀಕ್ಷಿಸಲು ಬಂದ ಬೆಂಜಮಿನ್ ಬ್ಯಾಬೇಜ್ ಬರೆದ ವರದಿಯಂತೆ, ಇಲ್ಲಿ ಸತ್ತವರ ಸರಾಸರಿ ವಯಸ್ಸು 25.8 ವರ್ಷ. ನೂರರಲ್ಲಿ ನಲವತ್ತೊಂದಕ್ಕೂ ಹೆಚ್ಚು ಮಕ್ಕಳು ಆರು ವರ್ಷ ತುಂಬುವ ಮುನ್ನವೇ ಸಾಯುತ್ತಿದ್ದರು. ಕಲ್ಲುಗಳ ಮೇಲಿನ ಮಕ್ಕಳ ವಯಸ್ಸುಗಳನ್ನು ಓದುವಂತೆ ಹತ್ತಿರದಿಂದ ತೆಗೆದ ಒಂದು ಚಿತ್ರ, ಇತಿಹಾಸದ ಪಾಠಕ್ಕಿಂತ ಹೆಚ್ಚು ಹೇಳುತ್ತದೆ.

‘ಅಂಚೆಪೆಟ್ಟಿಗೆ, ಗೋಡೆ, ಹೊಗೆ... ಇವನ್ನೆಲ್ಲ ತೆಗೆದು ಏನು ಬಂತು?’ ಎನ್ನುವ ತಂದೆತಾಯಿಯರು ಇದ್ದೇ ಇರುತ್ತಾರೆ. ಫ್ರಾನ್ಸಿಸ್ ಫ್ರಿತ್ ಎಂಬಾತ 1860ರಲ್ಲಿ ಬ್ರಿಟನ್ನಿನ ಪ್ರತಿ ಊರಿನ ಚಿತ್ರ ತೆಗೆಯುವ ಹುಚ್ಚು ಹಚ್ಚಿಕೊಂಡ. ಬೀದಿ, ಸೇತುವೆ, ಅಂಗಡಿ ಸಾಲುಗಳ ಆ ಚಿತ್ರಗಳು ಆಗ ಮಾಮೂಲಿ. ಈಗ ಊರುಗಳ ದಾಖಲೆ. ಮಾರ್ಟಿನ್ ಪಾರ್ 1975ರಲ್ಲಿ ಹಾವರ್ತ್‌ನಿಂದ ಗುಡ್ಡದಾಚೆಯ ಹೆಬ್ಡನ್ ಬ್ರಿಜ್‌ಗೆ ಬಂದು ನೆಲೆಸಿ, ಸಣ್ಣ ಚರ್ಚುಗಳಲ್ಲಿ ಚಹಾ ಕುಡಿಯುವ ಮುದುಕಿಯರನ್ನೂ ಕುರಿಸಾಕಣೆಯವರನ್ನೂ ಕಪ್ಪು-ಬಿಳುಪಿನಲ್ಲಿ ಹಿಡಿದ. ಹಳೆಯ ರೈಲುಗಳನ್ನು ಉಳಿಸುವವರಿಗೂ ಬೋಗಿಯ ಬಣ್ಣ, ನಾಮಫಲಕದ ಜಾಗ, ದೀಪದ ಕಂಬ ಹೇಗಿತ್ತೆಂದು ತಿಳಿಯಲು ಯಾರೋ ಹವ್ಯಾಸಿ ಎಂದೋ ತೆಗೆದ ಫೋಟೊಗಳು ಬೇಕಾಗುತ್ತವೆ. ಹಾಗೆ ತೆಗೆದವನ ಮನೆಯಲ್ಲೂ ಈ ಪ್ರಶ್ನೆ ಬಂದಿದ್ದೀತು!

ಸಾರ್ವಜನಿಕ ರಸ್ತೆಯಲ್ಲಿ ನಿಂತು ಚಿತ್ರ ತೆಗೆಯಲು ಅಲ್ಲಿ ಸಾಮಾನ್ಯವಾಗಿ ಅನುಮತಿ ಬೇಡ. ಆದರೂ ಮನುಷ್ಯರ ಮುಖ ಹತ್ತಿರದಿಂದ ಬೇಕಾದರೆ, ಅದರಲ್ಲೂ ಮಕ್ಕಳದ್ದಾದರೆ, ಒಂದು ಮಾತು ಕೇಳುವುದು ಮರ್ಯಾದೆ. ಪ್ರತಿ ಚಿತ್ರದೊಂದಿಗೆ ಜಾಗ, ದಿನಾಂಕ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂಬುದನ್ನು ಬರೆದಿಡಿ. ಉಗಿ ರೈಲು ವರ್ಷವಿಡೀ ಪ್ರತಿದಿನ ಓಡುವುದಿಲ್ಲ, ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಬೆಳಗಿನ ಮೊದಲ ರೈಲನ್ನೇ ಹಿಡಿಯಿರಿ.