ಅಭಿಷಿಕ್ತನ ನಾಮಾವಳಿ

ಶಿವಮೊಗ್ಗೆಯ ಬಿ.ಎಚ್. ರಸ್ತೆಯಲ್ಲಿರುವ ಪವಿತ್ರ ಹೃದಯದ ಪ್ರಧಾನಾಲಯದಲ್ಲಿ ಕನ್ನಡದ ಬಲಿಪೂಜೆಗೆ ಬಂದವರು ‘ಪ್ರಭು ಯೇಸು’ ಎಂದು ಸ್ತುತಿಸುವ ವ್ಯಕ್ತಿಯನ್ನೇ, ಕರಾವಳಿಯಿಂದ ಘಟ್ಟವೇರಿ ಬಂದು ಇಲ್ಲಿ ನೆಲೆಸಿದ ಮನೆತನಗಳವರು ಕೊಂಕಣಿಯಲ್ಲಿ ‘ಸೊಮಿ ಜೆಜು’ ಎಂದೂ, ಪ್ರಾಟೆಸ್ಟಂಟ್ ಸಭೆಗಳವರು ‘ಕರ್ತನಾದ ಯೇಸು ಕ್ರಿಸ್ತ’ ಎಂದೂ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಗೆ ತೊಡಗಿದ ತರುವಾಯ ದುಡಿಮೆಯನ್ನರಸಿ ಬಂದ ತಮಿಳರಲ್ಲಿ ಕ್ರೈಸ್ತರಾದವರು ‘ಆಂಡವರ್’ ಎಂದೂ, ಮಲಯಾಳಿ ಕಥೋಲಿಕರು ‘ಈಶೋ ಮಿಶಿಹಾ’ ಎಂದೂ ಕರೆಯುತ್ತಾರೆ. ಸುಮಾರು 20 ಕಿಲೋಮೀಟರು ಅಂತರದ ಎರಡು ಊರುಗಳೊಳಗೆ ಒಬ್ಬನೇ ವ್ಯಕ್ತಿಗೆ ಇಷ್ಟೊಂದು ಸಂಬೋಧನೆಗಳು. ಇವುಗಳಲ್ಲಿ ಯೇಸು, ಈಶೋ, ಜೆಜು ಎಂಬವು ಒಂದೇ ಹೆಸರಿನ ರೂಪಭೇದಗಳು, ಉಳಿದವೆಲ್ಲ ಬಿರುದುಗಳು. ಆ ಹೆಸರಾದರೋ ಅಂದಿನ ಯೆಹೂದ್ಯರಲ್ಲಿ ಅತಿ ಸಾಮಾನ್ಯವಾದುದಾಗಿತ್ತು. ಆದಕಾರಣ ನಜರೇತೂರಿನ ಆ ಒಬ್ಬ ಯೇಸುವನ್ನು ಅವನ ಕಾಲದ ಇತರ ಯೇಸುಗಳಿಂದ ಬೇರ್ಪಡಿಸಿ, ಅವನು ತಮಗೆ ಏನಾಗಿದ್ದನೆಂಬುದನ್ನು ಹೇಳಬಯಸಿದ ಜನ ಬಿರುದುಗಳನ್ನು ಆಶ್ರಯಿಸಬೇಕಾಯಿತು.

ಬಿರುದು ಎಂದೊಡನೆ ನಮಗೆ ಶಾಸನಗಳ ರಾಜಪ್ರಶಸ್ತಿ ನೆನಪಾಗುವುದು ಸಹಜ. ಇದೇ ಜಿಲ್ಲೆಯ ಬಳ್ಳಿಗಾವೆಯ ಕಲ್ಲುಗಳ ಮೇಲೆ ಚಾಲುಕ್ಯ ದೊರೆಗಳು ಸಮಸ್ತಭುವನಾಶ್ರಯರಾಗಿ, ಶ್ರೀಪೃಥ್ವೀವಲ್ಲಭರಾಗಿ, ಮಹಾರಾಜಾಧಿರಾಜರಾಗಿ ಮೆರೆದಿರುವರಷ್ಟೆ. ಆದರೆ ಅದೇ ಸೀಮೆಯಲ್ಲಿ, ಅದೇ ಯುಗದಲ್ಲಿ, ಮತ್ತೊಂದು ಬಗೆಯ ಹೆಸರಿಡುವಿಕೆಯೂ ಹುಟ್ಟಿತು. ಬಳ್ಳಿಗಾವೆಯ ಅಲ್ಲಮನಿಗೆ ‘ಗುಹೇಶ್ವರ’, ಉಡುತಡಿಯ ಮಹಾದೇವಿಗೆ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತಗಳು ಆಸ್ಥಾನದ ಹೊಗಳಿಕೆಯಿಂದ ಬಂದವಲ್ಲ; ಕರೆಯುವವರ ಅಂತರಂಗದ ಸಂಬಂಧದಿಂದ ಒಡಮೂಡಿದವು. ಅಕ್ಕನ ಬಾಯಿಂದ ಬೇರ್ಪಡಿಸಿದರೆ ಆ ಹೆಸರು ಬರಿಯ ಕ್ಷೇತ್ರದೇವತೆಯ ಹೆಸರಾಗಿ ಉಳಿಯುತ್ತದೆ. ಯೇಸುವಿನ ಬಿರುದುಗಳು ಮೇಲ್ನೋಟಕ್ಕೆ ಮೊದಲನೆಯ ಜಾತಿಯವಾಗಿ ತೋರಿದರೂ ಸುವಾರ್ತೆಗಳನ್ನು ಓದುತ್ತ ಹೋದಂತೆ ಅವು ಎರಡನೆಯ ಜಾತಿಯವೆಂಬುದು ನನಗೆ ನಿಶ್ಚಿತವಾಗುತ್ತ ಬಂದಿದೆ. ಯಾರು ಕರೆದರು, ಯಾವ ಅವಸ್ಥೆಯಲ್ಲಿ ಕರೆದರು ಎಂಬುದನ್ನು ಬಿಟ್ಟು ಬಿರುದಿನ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಹುಡುಕುವವನಿಗೆ ಅದರ ಅರ್ಧವಷ್ಟೇ ದೊರೆಯುತ್ತದೆ.

‘ಕ್ರಿಸ್ತ’ ಎಂಬುದನ್ನು ಬಹುಮಂದಿ ಯೇಸುವಿನ ಹೆಸರಿನ ಉತ್ತರಾರ್ಧವೆಂದೇ ಭಾವಿಸಿರುವರು. ಹೀಬ್ರೂ ಭಾಷೆಯ ‘ಮಾಷಿಯಾಹ್’ ಎಂಬುದರ ಗ್ರೀಕ್ ರೂಪಾಂತರವದು. ಎರಡಕ್ಕೂ ತೈಲದಿಂದ ಅಭಿಷಿಕ್ತನಾದವನೆಂದು ಅರ್ಥ. ನಮ್ಮಲ್ಲಿ ಪಟ್ಟಾಭಿಷೇಕಕ್ಕೆ ಪುಣ್ಯತೀರ್ಥಗಳ ಉದಕವು ಮುಖ್ಯವಾದಂತೆ ಇಸ್ರಾಯೇಲಿನಲ್ಲಿ ಓಲಿವ್ ಎಣ್ಣೆ ಮುಖ್ಯವಾಗಿತ್ತು. ಆರೋನನೇ ಮೊದಲಾದ ಯಾಜಕರನ್ನು ಅದರಿಂದಲೇ ಅಭಿಷೇಕಿಸಿದರು. ಪ್ರವಾದಿ ಸಮುವೇಲನು ಕುರಿ ಕಾಯುತ್ತಿದ್ದ ಹುಡುಗ ದಾವೀದನನ್ನು ಕರೆಯಿಸಿ ಕೊಂಬಿನಲ್ಲಿದ್ದ ಎಣ್ಣೆಯನ್ನು ಅವನ ತಲೆಯ ಮೇಲೆ ಸುರಿದು ಮುಂದಿನ ಅರಸನನ್ನಾಗಿ ಮಾಡಿದನು. ಇಷ್ಟೇ ಅಲ್ಲ, ಬಾಬಿಲೋನಿನ ಸೆರೆಯಿಂದ ಯೆಹೂದ್ಯರನ್ನು ಬಿಡಿಸಿದ ಪಾರಸಿಕ ಚಕ್ರವರ್ತಿ ಕೋರೆಷನನ್ನೂ ಯೆಶಾಯನ ಗ್ರಂಥವು ದೇವರ ಅಭಿಷಿಕ್ತನೆಂದೇ ಕರೆದಿದೆ. ಪರದೇಶದವನಿಗೆ, ಪರಮತದವನಿಗೆ ಸಂದ ಈ ಗೌರವವು ನನಗೆ ಬಹು ಉದಾರವಾಗಿ ಕಾಣುತ್ತದೆ.

ಕ್ರಿಸ್ತಪೂರ್ವ 63ರಲ್ಲಿ ರೋಮಿನ ಸೇನಾನಿ ಪಾಂಪೆ ಜೆರೂಸಲೇಮನ್ನು ವಶಪಡಿಸಿಕೊಂಡ ಮೇಲೆ, ದಾವೀದನ ವಂಶದಲ್ಲಿ ಹುಟ್ಟಿ ಪರಕೀಯರನ್ನು ಹೊಡೆದಟ್ಟುವ ಅಭಿಷಿಕ್ತನೊಬ್ಬನ ನಿರೀಕ್ಷೆ ಆ ನಾಡಿನಲ್ಲಿ ಬಲವಾಗಿ ಬೇರೂರಿತು. ಆದುದರಿಂದ ಯಾರನ್ನಾದರೂ ಬಹಿರಂಗವಾಗಿ ‘ಕ್ರಿಸ್ತ’ನೆಂದು ಕರೆಯುವುದು ಭಕ್ತಿಯ ಮಾತಾಗಿದ್ದಂತೆಯೇ ರಾಜದ್ರೋಹದ ಮಾತೂ ಆಗಿತ್ತು. ಮಾರ್ಕನ ಸುವಾರ್ತೆಯಲ್ಲಿ, ಫಿಲಿಪ್ಪನ ಕೈಸರೈಯದ ದಾರಿಯಲ್ಲಿ, ತನ್ನನ್ನು ಯಾರೆಂದು ತಿಳಿದಿರುವಿರೆಂದು ಯೇಸು ಶಿಷ್ಯರನ್ನು ಕೇಳುತ್ತಾನೆ, ಪೇತ್ರನು ಕ್ರಿಸ್ತನೆನ್ನುತ್ತಾನೆ. ಯೇಸು ಅದನ್ನು ಅಲ್ಲಗಳೆಯುವುದಿಲ್ಲ, ಆದರೆ ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿ, ಒಡನೆಯೇ ತಾನು ಅನುಭವಿಸಬೇಕಾದ ಯಾತನೆಯನ್ನೂ ಮರಣವನ್ನೂ ಕುರಿತು ಮಾತನಾಡತೊಡಗುತ್ತಾನೆ. ಪೇತ್ರನಿಗೆ ಇದು ಅಸಹ್ಯವಾಗುತ್ತದೆ. ಖಡ್ಗಧಾರಿಯಾದ ಅಭಿಷಿಕ್ತನನ್ನು ನಿರೀಕ್ಷಿಸುತ್ತಿದ್ದವನಿಗೆ ಗಾಯಗೊಳ್ಳುವ ಅಭಿಷಿಕ್ತನು ಅರ್ಥವಾಗದೆ ಹೋದುದರಲ್ಲಿ ಆಶ್ಚರ್ಯವೇನು? ಬಿರುದು ಹಳೆಯದಾಗಿಯೇ ಉಳಿದು ಅದರೊಳಗಿನ ತಿರುಳು ಸಂಪೂರ್ಣವಾಗಿ ಬದಲಾದ ಆ ಘಳಿಗೆಯನ್ನು ಕ್ರೈಸ್ತಧರ್ಮದ ಕೇಂದ್ರಬಿಂದುಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಈ ಬಿರುದಿನ ಅತಿ ಪುರಾತನವಾದ ಧ್ವನಿಯು ಇಂದು ಭದ್ರಾವತಿಯಲ್ಲಿ ಕೇಳಿಬರುತ್ತಿದೆಯೆಂದರೆ ಓದುಗರಿಗೆ ವಿಸ್ಮಯವಾದೀತು. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಯೂರಿದ ಸಿರೋ ಮಲಬಾರ್ ಕಥೋಲಿಕರಿಗಾಗಿ 2007ರಲ್ಲಿ ಭದ್ರಾವತಿಯ ಹೆಸರಿನಲ್ಲಿಯೇ ಪ್ರತ್ಯೇಕ ಧರ್ಮಪ್ರಾಂತ್ಯವೊಂದು ಸ್ಥಾಪಿತವಾಯಿತು. ಕಳೆದ ಶತಮಾನದ ಅರವತ್ತರ ದಶಕದವರೆಗೂ ಈ ಸಂಪ್ರದಾಯದ ಪೂಜಾಭಾಷೆ ಸಿರಿಯಾಕ್ ಆಗಿತ್ತು. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ಶಾಖೆಯೇ ಅದು. ಪೂಜೆ ಮಲಯಾಳಕ್ಕೆ ಬಂದ ಮೇಲೂ ‘ಮಿಶಿಹಾ’ ಎಂಬ ಪದವು ಹಾಗೆಯೇ ಉಳಿದುಕೊಂಡಿತು. ಇಬ್ಬರು ಎದುರಾದಾಗ ಈಶೋ ಮಿಶಿಹಾನಿಗೆ ಸ್ತುತಿ ಹೇಳಿ ವಂದಿಸಿಕೊಳ್ಳುವ ವಾಡಿಕೆಯೂ ಉಳಿದಿದೆ. ಅದೇ ಊರಿನ ಮುಸಲ್ಮಾನನು ಹಜರತ್ ಈಸಾ ಅವರನ್ನು ‘ಮಸೀಹ್’ ಎಂದು ಸ್ಮರಿಸುವಾಗ ಅವನ ನಾಲಗೆಯ ಮೇಲಿರುವುದೂ ಈ ಪದವೇ. ಖುರಾನು ಈಸಾ ಅವರನ್ನು ಮಸೀಹ್ ಎಂದೂ, ದೇವರಿಂದ ಬಂದ ವಾಕ್ಯವೆಂದೂ ಗೌರವಿಸಿ, ದೇವಪುತ್ರನೆಂಬ ಬಿರುದನ್ನು ಮಾತ್ರ ಸ್ಪಷ್ಟವಾಗಿ ನಿರಾಕರಿಸುತ್ತದೆ. ಎರಡು ಧರ್ಮಗಳು ಎಲ್ಲಿಯವರೆಗೆ ಜೊತೆಗೂಡಿ ನಡೆಯುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಈ ಮೂರು ಬಿರುದುಗಳಷ್ಟು ಸ್ಫುಟವಾಗಿ ತೋರಿಸುವುದು ಬೇರೊಂದಿಲ್ಲ.

ಯೇಸು ತಾನಾಗಿ ತನಗೆ ಆರಿಸಿಕೊಂಡ ಬಿರುದಾದರೋ ಇವೆಲ್ಲಕ್ಕಿಂತ ಬೇರೆ. ನಾಲ್ಕು ಸುವಾರ್ತೆಗಳಲ್ಲಿ ಸುಮಾರು 80 ಸಲ ಬರುವ ‘ಮನುಷ್ಯಕುಮಾರ’ ಎಂಬುದು ಬಹುತೇಕ ಎಲ್ಲ ಕಡೆಯೂ ಅವನ ಬಾಯಿಂದಲೇ ಬರುತ್ತದೆ. ಶಿಷ್ಯರಾಗಲಿ ರೋಗಿಗಳಾಗಲಿ ಅವನನ್ನು ಹಾಗೆ ಕರೆದು ಪ್ರಾರ್ಥಿಸುವುದಿಲ್ಲ. ಕಥೋಲಿಕರ ಕನ್ನಡ ಬೈಬಲಿನಲ್ಲಿ ಇದು ‘ನರಪುತ್ರ’. ಆಡುಮಾತಿನ ಅರಾಮಿಕ್‌ನಲ್ಲಿ ಈ ಪದಪುಂಜಕ್ಕೆ ಮನುಷ್ಯನಾಗಿ ಹುಟ್ಟಿದವನು, ಒಬ್ಬ ಸಾಮಾನ್ಯ ಮಾನವ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ನರಿಗಳಿಗೆ ಗುದ್ದುಗಳಿವೆ, ಹಕ್ಕಿಗಳಿಗೆ ಗೂಡುಗಳಿವೆ, ತನಗೆ ಮಾತ್ರ ತಲೆಯಿಡಲು ನೆಲೆಯಿಲ್ಲವೆನ್ನುವಾಗ ಯೇಸು ಬಳಸುವುದು ಈ ಹೆಸರನ್ನೇ. ಆದರೆ ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯವನ್ನು ಓದಿದವನಿಗೆ ಇದರ ಇನ್ನೊಂದು ಮುಖವೂ ಗೋಚರಿಸುತ್ತದೆ. ಅಲ್ಲಿ ಸಮುದ್ರದಿಂದ ಒಂದರ ಹಿಂದೊಂದಾಗಿ ಎದ್ದುಬರುವ ಕ್ರೂರಮೃಗಗಳು ಸಾಮ್ರಾಜ್ಯಗಳ ಸಂಕೇತಗಳು. ಅವುಗಳ ಆಳಿಕೆ ಮುಗಿದ ಮೇಲೆ ಆಕಾಶದ ಮೇಘಗಳೊಡನೆ ಮನುಷ್ಯನಂಥ ಒಬ್ಬನು ಬಂದು ದೇವರಿಂದ ಶಾಶ್ವತವಾದ ರಾಜ್ಯವನ್ನು ಪಡೆಯುತ್ತಾನೆ. ಮೃಗಗಳ ತರುವಾಯ ಮನುಷ್ಯ! ರಾಜ್ಯಾಧಿಕಾರವು ಮೃಗತ್ವವನ್ನು ಕಳಚಿ ಮನುಷ್ಯತ್ವವನ್ನು ತಾಳುವ ಈ ದರ್ಶನದ ಎದುರಿನಲ್ಲಿ ನಾನು ಎಷ್ಟೋ ಸಲ ಮೂಕನಾಗಿ ನಿಂತಿದ್ದೇನೆ. ತಲೆಯಿಡಲು ನೆಲೆಯಿಲ್ಲದವನೂ ಮೇಘಾರೂಢನೂ ಒಂದೇ ಹೆಸರಿನಲ್ಲಿ ಅಡಗಿರುವುದರಿಂದ, ಕೇಳಿದವರು ತಮ್ಮ ಕಿವಿಗೆ ತಕ್ಕ ಅರ್ಥವನ್ನು ತೆಗೆದುಕೊಂಡರು. ಮಹಾಯಾಜಕನ ಮುಂದೆ ವಿಚಾರಣೆಗೆ ನಿಂತ ದಿನ ಯೇಸು ದಾನಿಯೇಲನ ಆ ಅರ್ಥವನ್ನೇ ಎತ್ತಿಹಿಡಿದಾಗ ಮಹಾಯಾಜಕನು ಬಟ್ಟೆ ಹರಿದುಕೊಂಡನು. ಅಲ್ಲಿಂದ ಶಿಲುಬೆ ದೂರವಿರಲಿಲ್ಲ.

‘ಕರ್ತ’, ‘ಪ್ರಭು’, ‘ಸೊಮಿ’, ‘ಆಂಡವರ್’ ಎಂಬಿವುಗಳೆಲ್ಲದರ ಹಿಂದೆ ಗ್ರೀಕಿನ ‘ಕೂರಿಯೋಸ್’ ಇದೆ. ಬೀದಿಯಲ್ಲಿ ಹಿರಿಯನನ್ನು ‘ಸ್ವಾಮಿ’ ಎನ್ನುವಷ್ಟು ಸಾಧಾರಣವಾದ ಮಾತು ಅದು. ಆದರೆ ಉಚ್ಚರಿಸಬಾರದೆಂದು ಯೆಹೂದ್ಯರು ಬಿಟ್ಟಿದ್ದ ನಾಲ್ಕಕ್ಷರದ ದೇವನಾಮಕ್ಕೆ ಬದಲಾಗಿ ಗ್ರೀಕ್ ಬೈಬಲಿನಲ್ಲಿ ಓದುತ್ತಿದ್ದುದೂ ಅದೇ ಪದ. ರೋಮಿನ ಚಕ್ರವರ್ತಿಗೂ ಅದು ಸಲ್ಲುತ್ತಿತ್ತು. ಹೀಗಿರುವಲ್ಲಿ ಯೇಸುವೇ ಕರ್ತನೆಂದು ಮೊದಲ ಕ್ರೈಸ್ತರು ಒಪ್ಪಿಕೊಂಡುದು ಕೈಸರನು ಕರ್ತನಲ್ಲವೆಂದು ಸಾರಿದುದಕ್ಕೆ ಸಮವಾಯಿತು. ಕನ್ನಡದಲ್ಲಿ ಇದಕ್ಕೆ ಇನ್ನೊಂದು ವಿಶೇಷ ಕೂಡಿಕೊಂಡಿದೆ. 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪೂರ್ಣಗೊಳಿಸಿದ ಬೈಬಲಿನ ಪರಂಪರೆಯಲ್ಲಿ ಬಂದ ‘ಸತ್ಯವೇದ’ದಲ್ಲಿ ಯೇಸು ಹೇಳಿದನು, ಬಂದನು, ಅತ್ತನು, ಕಥೋಲಿಕರು ಓದುವ ಅನುವಾದದಲ್ಲಿ ಯೇಸುಸ್ವಾಮಿ ಹೇಳಿದರು, ಬಂದರು, ಅತ್ತರು. ರಾಮನನ್ನೂ ಶಿವನನ್ನೂ ಏಕವಚನದಲ್ಲಿ ಕರೆದು ಸಲಿಗೆಯಿಂದ ಪೂಜಿಸುವ ನಾಡಿನಲ್ಲಿ ಮೊದಲನೆಯದು ಅನಾದರವಲ್ಲ. ಗುರುಹಿರಿಯರಿಗೆ ಬಹುವಚನವನ್ನು ಸಲ್ಲಿಸುವ ನಾಡಿನಲ್ಲಿ ಎರಡನೆಯದು ಕೃತಕವೂ ಅಲ್ಲ. ಈ ಲೇಖನದಲ್ಲಿ ನಾನು ನಮ್ಮ ಕಾವ್ಯಗಳ ರೂಢಿಯನ್ನು ಅನುಸರಿಸಿದ್ದೇನೆ.

‘ದೇವಕುಮಾರ’ ಎಂಬ ಬಿರುದಿನ ಮೇಲೆ ನಡೆದಷ್ಟು ವಾದ ಬೇರಾವುದರ ಮೇಲೂ ನಡೆದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲ್ ಜನಾಂಗವೂ ದಾವೀದನ ಸಿಂಹಾಸನವೇರಿದ ಅರಸನೂ ದೇವರ ಮಗನೆನಿಸಿಕೊಂಡಿದ್ದರು. ರೋಮಿನ ಆಗಸ್ಟಸ್ ಚಕ್ರವರ್ತಿಯು ತನ್ನ ನಾಣ್ಯಗಳ ಮೇಲೆ ತನ್ನನ್ನು ದೇವನಾದವನ ಮಗನೆಂದು ಕೆತ್ತಿಸಿದ್ದನು. ಮಾರ್ಕನಲ್ಲಿ ಯೇಸುವನ್ನು ದೇವಕುಮಾರನೆಂದು ನಿಸ್ಸಂದೇಹವಾಗಿ ಹೇಳುವ ಮೊದಲ ಮನುಷ್ಯನು ಆ ಚಕ್ರವರ್ತಿಗಳ ಸೈನ್ಯಕ್ಕೆ ಸೇರಿದ ಶತಾಧಿಪತಿ. ಅವನು ಹಾಗೆಂದುದು ಯಾವ ಪವಾಡವನ್ನು ಕಂಡೂ ಅಲ್ಲ, ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ರೀತಿಯನ್ನು ಕಂಡು. ಮುಂದೆ 325ರಲ್ಲಿ ನಿಕೇಯದ ಮಹಾಸಭೆಯು ಈ ಪುತ್ರತ್ವವು ಸೃಷ್ಟಿಯಾದುದಲ್ಲ, ತಂದೆಯೊಡನೆ ಏಕತತ್ತ್ವವಾದುದೆಂದು ನಿರ್ಣಯಿಸಿತು.

ಕುರುಬನೆಂಬ ಬಿರುದನ್ನು ಈ ಜಿಲ್ಲೆಯ ಓದುಗನಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ಅದರ ಪಕ್ಕದಲ್ಲೇ ಮಲಗುವ ಕುರಿಗಾಹಿಗಳನ್ನು ಬಯಲುಸೀಮೆಯ ಅಂಚಿನವರೆಲ್ಲ ಬಲ್ಲರು. ಆದರೆ ಯೆಹೆಜ್ಕೇಲನ ಗ್ರಂಥದಲ್ಲಿ ಕುರುಬರೆಂದರೆ ಅರಸರು: ಮಂದೆಯನ್ನು ಮೇಯಿಸದೆ ತಾವೇ ಕೊಬ್ಬಿದವರು. ಅವರನ್ನು ತೆಗೆದುಹಾಕಿ ತಾನೇ ಕುರುಬನಾಗುವೆನೆಂದು ದೇವರು ಅಲ್ಲಿ ನುಡಿಯುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಂಡಾಗ ಆ ರಾಜನಿಂದೆಯ ಪ್ರತಿಧ್ವನಿ ಕೇಳುಗರಿಗೆ ತಟ್ಟದೆ ಇರಲಿಲ್ಲ. ಅದೇ ಯೋಹಾನನೇ ಮೊದಲ ಅಧ್ಯಾಯದಲ್ಲಿ, ಸ್ನಾನಿಕ ಯೋಹಾನನ ಬಾಯಿಂದ, ಯೇಸುವನ್ನು ದೇವರ ಕುರಿಮರಿಯೆಂದೂ ಕರೆಸಿದ್ದಾನೆ. ಐಗುಪ್ತದಿಂದ ಹೊರಟ ರಾತ್ರಿ ಮನೆಮನೆಯ ಬಾಗಿಲುಪಟ್ಟಿಗೆ ರಕ್ತವನ್ನಿತ್ತ ಪಾಸ್ಕದ ಮರಿ ಅದು. ಯೆಶಾಯನು ಹಾಡಿದ, ವಧಾಸ್ಥಾನಕ್ಕೆ ಮೌನವಾಗಿ ನಡೆದ ಮರಿಯೂ ಅದೇ. ಕಾಯುವವನೂ ಬಲಿಯಾಗುವುದೂ ಒಂದೇ ಆಗುವುದೆಂತು ಎಂದು ತರ್ಕವು ಕೇಳಬಹುದು. ಪ್ರತಿಯೊಂದು ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಭಕ್ತರು ಆ ಕುರಿಮರಿಯನ್ನು ಕರೆದು ಕರುಣೆಯನ್ನೂ ಶಾಂತಿಯನ್ನೂ ಬೇಡುವುದು ತರ್ಕವನ್ನು ಬಗೆಹರಿಸಿಕೊಂಡಲ್ಲ.

ಶಿಲುಬೆಯ ಮೇಲ್ತುದಿಯಲ್ಲಿ ಕಾಣುವ ಸಣ್ಣ ಹಲಗೆಯ ಐ.ಎನ್.ಆರ್.ಐ. ಎಂಬ ನಾಲ್ಕು ಅಕ್ಷರಗಳನ್ನು ಎಷ್ಟೋ ಮಂದಿ ನೋಡಿಯೂ ಓದಿರಲಾರರು. ನಜರೇತಿನ ಯೇಸು, ಯೆಹೂದ್ಯರ ಅರಸ ಎಂಬ ಲ್ಯಾಟಿನ್ ಮಾತುಗಳ ಮೊದಲಕ್ಷರಗಳವು. ದೇಶಾಧಿಪತಿ ಪಿಲಾತನು ಅದನ್ನು ಅಪರಾಧಪತ್ರವಾಗಿ, ಹೀಬ್ರೂ, ಲ್ಯಾಟಿನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆಯಿಸಿದನು. ಅರಸನೆಂದು ಅವನೇ ಹೇಳಿಕೊಂಡನೆಂಬುದಾಗಿ ತಿದ್ದಬೇಕೆಂದು ಮುಖ್ಯಯಾಜಕರು ಕೇಳಿದರೂ ಪಿಲಾತನು ಒಪ್ಪಲಿಲ್ಲ. ಅಪಹಾಸ್ಯಕ್ಕಾಗಿ ತೊಡಿಸಿದ ಆ ಬಿರುದನ್ನೇ ಕ್ರೈಸ್ತಲೋಕವು ಆದರದಿಂದ ಎತ್ತಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸಿಂಹಾಸನಗಳು ಉರುಳಿ, ಹೊಸ ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದ 1925ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದರು. ಮುಳ್ಳಿನ ಕಿರೀಟವನ್ನು ಮರೆತು ಈ ಹಬ್ಬವನ್ನು ಬರಿಯ ವೈಭವವಾಗಿ ಆಚರಿಸಿದರೆ ಪಿಲಾತನ ಹಲಗೆಯ ಅರ್ಥವೇ ಕೆಟ್ಟುಹೋಗುತ್ತದೆಂದು ನನ್ನ ದೃಢವಾದ ಅಭಿಪ್ರಾಯ.

ಭದ್ರಾವತಿಯ ಸಿರೋ ಮಲಬಾರ್ ಕ್ರೈಸ್ತರು ತಮ್ಮನ್ನು ‘ನಸ್ರಾಣಿ’ಗಳೆಂದು, ಎಂದರೆ ನಜರೇತಿನವನ ಹಿಂಬಾಲಕರೆಂದು ಕರೆದುಕೊಳ್ಳುತ್ತಾರೆ, ಕ್ರಿಸ್ತಶಕ 52ರಲ್ಲಿ ಕೇರಳದ ಕರಾವಳಿಗೆ ಬಂದನೆಂದು ಪರಂಪರೆಯು ಹೇಳುವ, ಯೇಸುವಿನ ಶಿಷ್ಯನಾದ ತೋಮನೇ ಅವರ ಮೂಲಗುರು. ಯೋಹಾನನ ಸುವಾರ್ತೆಯಲ್ಲಿ ಯೇಸುವಿಗೆ ಸಲ್ಲುವ ಅತ್ಯುನ್ನತವಾದ ಸಂಬೋಧನೆಯು ಈ ತೋಮನಿಂದ ಬಂದುದು. ಶಿಲುಬೆಯ ಮೇಲೆ ಸತ್ತ ಯೇಸು ಮತ್ತೆ ಜೀವಂತನಾಗಿ ಎದ್ದನೆಂಬುದನ್ನು ಅವನ ಗಾಯಗಳನ್ನು ಮುಟ್ಟಿ ನೋಡಿದ ಹೊರತು ನಂಬೆನೆಂದು ಹಟಹಿಡಿದಿದ್ದವನು, ಎಂಟು ದಿನಗಳ ಮೇಲೆ, ಮುಚ್ಚಿದ ಬಾಗಿಲುಗಳ ಒಳಗೆ, ಆ ಗಾಯಗಳೇ ಎದುರು ಬಂದು ನಿಂತಾಗ, ಕರ್ತನೆಂಬ ಹಾಗೂ ದೇವರೆಂಬ ಎರಡು ಪದಗಳನ್ನೂ ಒಟ್ಟಿಗೆ ಉಚ್ಚರಿಸಿ, ಎರಡಕ್ಕೂ ‘ನನ್ನ’ ಎಂಬುದನ್ನು ಸೇರಿಸಿದನು.